ಕಾಲಿಲ್ಲದ ಪಟ

ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಅಂಬಿಗಜ್ಜನನ್ನು ನಾನು ಕೊಂದದ್ದು ಒಂದು ಮಂಗಳವಾರ, ಊಟದ ಡಬ್ಬಿ ತೆರೆಯುವುದಕ್ಕೆ ಸ್ವಲ್ಪ ಮೊದಲು. ಕೊಲ್ಲುವ ಉದ್ದೇಶವೇನೂ ಇರಲಿಲ್ಲ. ಒಂದು ಲೇಖನಕ್ಕೆ ತಲೆಚಿತ್ರ ಬೇಕಿತ್ತು, ಮಾಡಿಕೊಟ್ಟೆ, ಅಷ್ಟೆ.

ನಮ್ಮದು ರಾಯಚೂರಿನ ಒಂದು ಸಣ್ಣ ಸುದ್ದಿ ಜಾಲತಾಣ. ಸಂಪಾದಕರು, ಒಬ್ಬಳು ವರದಿಗಾರ್ತಿ ಮತ್ತು ನಾನು, ಮೂರೇ ಜನ. ಬರೆಯುವುದು ಅವರ ಪಾಲು, ಬರೆದದ್ದರ ನೆತ್ತಿಯ ಮೇಲೆ ಚಿತ್ರ ಕೂರಿಸುವುದು ನನ್ನ ಪಾಲು. ಆ ನೆತ್ತಿಯ ಚಿತ್ರಕ್ಕೇ ನಾವು ತಲೆಚಿತ್ರ ಅನ್ನುತ್ತಿದ್ದೆವು. ಓದುಗರಲ್ಲಿ ಹೆಚ್ಚಿನವರು ನಮ್ಮ ತಾಣಕ್ಕೆ ನೇರವಾಗಿ ಬರುವವರಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಲಿಂಕ್ ಹಾಕುತ್ತಾರೆ, ಅದರ ಜೊತೆ ಚಿತ್ರವೂ ಶೀರ್ಷಿಕೆಯೂ ಕಾಣುತ್ತವೆ. ಬೆರಳು ಅಲ್ಲಿ ನಿಂತರೆ ಲೇಖನ ಗೆದ್ದಂತೆ. ಮೊದಲು ಮಾನ್ವಿಯಲ್ಲಿ ಶಾಲಾ ಮಾಸ್ತರರಾಗಿದ್ದ ಸಂಪಾದಕರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು, "ತಂಗೀ, ಬೆರಳು ನಿಂದ್ರಬೇಕು ನೋಡು. ಜಾರಿ ಹೋತಂದ್ರ ನಾವು ಬರದದ್ದೆಲ್ಲ ನೀರಾಗ ಹೋಮ."

ಅದಕ್ಕೆ ನನ್ನದೇ ಕೆಲವು ಕಟ್ಟಳೆಗಳಿದ್ದವು. ಚಿತ್ರದಲ್ಲಿ ಒಂದೇ ಸಂಗತಿ ಇರಬೇಕು. ಅದು ಮನುಷ್ಯನ ಮುಖವಾದರೆ ಇನ್ನೂ ಒಳ್ಳೆಯದು. ಅಕ್ಷರ ನಾಲ್ಕು ಪದ ಮೀರಬಾರದು, ಅವಕ್ಕೆ ಒಂದು ಪಕ್ಕದಲ್ಲಿ ಖಾಲಿ ಜಾಗ ಬಿಡಬೇಕು. ಹಿಂದಿನ ಗದ್ದಲವನ್ನು ಒರೆಸಿ ಹಾಕಬೇಕು. ಈ ಕೊನೆಯ ಕಟ್ಟಳೆಯಲ್ಲಿ ನನ್ನ ಕೈ ಮೊದಲಿನಿಂದಲೂ ಪಳಗಿತ್ತು, ಯಾಕೆಂದರೆ ನಾನು ಕೆಲಸ ಕಲಿತದ್ದು ಅಪ್ಪನ ಫೋಟೋ ಸ್ಟುಡಿಯೋದಲ್ಲಿ. ಅಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಗೋಡೆಗೆ ಹಾಕುವ ಪಟಗಳು.

ಮನೆಯಲ್ಲಿ ಹಿರಿಯರು ತೀರಿಕೊಂಡರೆ ಜನ ಯಾವುದೋ ಮದುವೆಯ ಗುಂಪು ಫೋಟೋ ಹಿಡಿದು ಬರುತ್ತಿದ್ದರು. "ಇವರೊಬ್ಬರನ್ನ ಬಿಡಿಸಿ ಕೊಡ್ರಿ" ಅನ್ನುತ್ತಿದ್ದರು. ನಾನು ಬಿಡಿಸುತ್ತಿದ್ದೆ. ಪಕ್ಕದವರ ಸೀರೆಯ ಸೆರಗು ತೆಗೆದು, ಹೆಗಲ ಮೇಲಿದ್ದ ಬೇರೆಯವರ ಕೈ ಅಳಿಸಿ, ಹಿಂದೆ ತಿಳಿ ನೀಲಿ ಬಣ್ಣ ಹಾಕಿ, ತಲೆಯ ಸುತ್ತ ಸ್ವಲ್ಪ ಬೆಳಕು ಬಿಟ್ಟು, ಎದೆಯಿಂದ ಕೆಳಗೆ ಹೊಗೆಯಾಗಿ ಕರಗಿಸಿಬಿಡುತ್ತಿದ್ದೆ. ಕಣ್ಣು ಮುಚ್ಚಿದ್ದರೆ ಬೇರೆ ಫೋಟೋದಿಂದ ಕಣ್ಣು ತಂದು ಕೂರಿಸುತ್ತಿದ್ದೆ. ಸತ್ತವರಿಗೆ ಕಣ್ಣು ಬಿಡಿಸುವ ಹುಡುಗಿ ಅಂತ ಪಕ್ಕದ ಅಂಗಡಿಯವರು ನನ್ನನ್ನು ಕಾಡಿಸುತ್ತಿದ್ದರು. ನಮ್ಮ ಅಮ್ಮನ ಪಟವನ್ನೂ ನಾನೇ ಮಾಡಿದೆ. ಅವಳ ಹೆಗಲ ಮೇಲಿಂದ ಅಳಿಸಿದ ಕೈ ನನ್ನದಾಗಿತ್ತು.

ಅಂಬಿಗಜ್ಜನ ಲೇಖನ ಬಂದಾಗ ನನಗೆ ಇದೆಲ್ಲ ನೆನಪಿರಲಿಲ್ಲ. ಕೈಗೆ ಮಾತ್ರ ನೆನಪಿತ್ತು. ವರದಿಗಾರ್ತಿ ಚೆನ್ನಾಗಿ ಬರೆದಿದ್ದಳು. ಸೇತುವೆ ಇಲ್ಲದ ಕಾಲದಲ್ಲಿ, ಕೃಷ್ಣೆ ತುಂಬಿ ಹರಿಯುವಾಗ, ಬಾಣಂತಿಯರನ್ನೂ ಪರೀಕ್ಷೆ ಬರೆಯುವ ಮಕ್ಕಳನ್ನೂ ಹರಿಗೋಲಿನಲ್ಲಿ ದಾಟಿಸಿದ ಮನುಷ್ಯನ ಕಥೆ. ಶೀರ್ಷಿಕೆ "ನದಿ ದಾಟಿಸಿದ ಕೈಗಳು". ಅವಳು ತಂದ ಫೋಟೋದಲ್ಲಿ ಅಜ್ಜ ಹರಿಗೋಲಿನಲ್ಲಿ ಕೂತು ಯಾರದೋ ಜೊತೆ ಮಾತಾಡುತ್ತಿದ್ದರು. ಹಿಂದೆ ಒಣಗಲು ಹಾಕಿದ ಬಟ್ಟೆ, ಪ್ಲಾಸ್ಟಿಕ್ ಕೊಡ, ಯಾರದೋ ಬೈಕು. ನೋಡಿದ ಕೂಡಲೇ ಗದ್ದಲ ಅನ್ನಿಸಿತು. ಬಿಡಿಸಿದೆ. ನದಿಯ ಕಥೆ ಅಂತ ಹಿಂದೆ ತಿಳಿ ನೀಲಿ ಹಾಕಿದೆ. ನಮ್ಮ ತಾಣದ ಬಣ್ಣ ಚೆಂಡು ಹೂವಿನ ಅರಿಸಿನ, ಹಾಗಾಗಿ ಸುತ್ತ ಆ ಬಣ್ಣದ ಅಂಚು ಕೊಟ್ಟೆ. ಎದೆಯ ಕೆಳಗೆ ಕರಗಿಸಿದೆ. ಕೈಗಳ ಕಥೆಗೆ ಮಾಡಿದ ಚಿತ್ರದಲ್ಲಿ ಕೈಗಳೇ ಇರಲಿಲ್ಲ, ಅದೂ ನನ್ನ ಗಮನಕ್ಕೆ ಬರಲಿಲ್ಲ. ಸಂಪಾದಕರು ನೋಡಿ, "ಭೇಷ್, ಶಾಂತ ಅದ" ಅಂದರು.

ಊಟ ಮಾಡಿ ಬಂದು ನೋಡಿದರೆ ಲೇಖನ ಓಡುತ್ತಿತ್ತು. ನಮ್ಮ ಯಾವ ಸುದ್ದಿಯೂ ಅಷ್ಟು ಗುಂಪುಗಳಿಗೆ ಹೋಗಿರಲಿಲ್ಲ. ಕೆಳಗೆ ಸಾಲು ಸಾಲಾಗಿ ಕೈ ಮುಗಿದ ಗುರುತುಗಳು. ಜನ ಅಜ್ಜನಿಗೆ ಗೌರವ ಕೊಡುತ್ತಿದ್ದಾರೆ ಅಂತ ಹಿಗ್ಗಿದೆ. ವರದಿಗಾರ್ತಿ ಪಕ್ಕಕ್ಕೆ ಬಂದು ತನ್ನ ಫೋನಿನಲ್ಲಿದ್ದ ಒಂದು ಸಾಲನ್ನು ಗಟ್ಟಿಯಾಗಿ ಓದಿದಳು. "ಸಣ್ಣಾಕಿದ್ದಾಗ ಇವರ ಹರಿಗೋಲಿನಾಗ ದಾಟಿದ್ದೆ. ಇವರ ಆತ್ಮಕ್ಕ ಶಾಂತಿ ಸಿಗಲಿ." ನಾವಿಬ್ಬರೂ ಪರದೆಯ ಮೇಲಿನ ಚಿತ್ರ ನೋಡಿದೆವು. ನೀಲಿ ಹಿನ್ನೆಲೆ, ತಲೆಯ ಸುತ್ತ ಬೆಳಕು, ಹೂವಿನ ಬಣ್ಣದ ಅಂಚು. ನಮ್ಮ ಕಡೆ ಅಂಥ ಪಟ ನೋಡಿದ ಮೇಲೆ ಲೇಖನ ತೆರೆದು ಓದುವ ಅಗತ್ಯ ಯಾರಿಗೂ ಇರುವುದಿಲ್ಲ. ಮನುಷ್ಯ ಹೋದ ಅಂತಲೇ ಅರ್ಥ.

ಆಗಲೇ ಕಚೇರಿಗೆ ಫೋನ್ ಬಂತು. ಮಾನ್ವಿ ತಾಲ್ಲೂಕಿನ ಬಾಗಲವಾಡದಿಂದ, ಅಜ್ಜನ ಮಗಳು.

"ಪಟಾ ಮಾಡಿದವ್ರು ಯಾರ್ರಿ?"

"ನಾನ್ರಿ" ಅಂದೆ.

"ನಮ್ಮಪ್ಪ ಗೂಗಲ್‌ದಾಗ ಕುಂತು ಚಾ ಕುಡ್ಯಾಕತ್ತಾನ. ಈಗ ಮಾತಾಡೀನಿ ಅವನ ಜೋಡಿ. ಇಲ್ಲಿ ನಮ್ಮವ್ವ ಬಳಿ ಒಡಕೊಂಡು ಕುಂತಾಳ. ಏನ್ ಮಾಡ್ತೀರಿ ಈಗ? ಹೇಳ್ರಿ!"

ನಡೆದದ್ದನ್ನು ಅವಳೇ ಹೇಳಿದಳು. ಅಜ್ಜಿ ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಸುಧಾರಿಸಿಕೊಳ್ಳಲು ಮಗಳ ಮನೆಗೆ ಬಂದಿದ್ದಳು. ಕಣ್ಣಿನ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತು. ಮಗಳು ಹೊಲಕ್ಕೆ ಹೋದಾಗ ಪಕ್ಕದ ಮನೆಯಾಕೆ ಫೋನ್ ಹಿಡಿದುಕೊಂಡು ಅಳುತ್ತ ಬಂದಳು. ಅಜ್ಜಿ ಚಿತ್ರ ನೋಡಿದಳು. ಹೊಸ್ತಿಲಿಗೆ ಕೈ ಬಡಿದು ಹಸಿರು ಬಳೆಗಳನ್ನೆಲ್ಲ ಒಡೆದುಕೊಂಡಳು.

ಚಿತ್ರವನ್ನು ತಕ್ಷಣ ತೆಗೆದೆ. ಆದರೆ ಅದು ಬಾಯಿಂದ ಆಡಿದ ಮಾತಿನ ಹಾಗೆ, ನಾವು ತೆಗೆದರೆ ಹೋಗುವುದಿಲ್ಲ. ಈಗಾಗಲೇ ಕಳಿಸಿದ ಲಿಂಕಿನ ಜೊತೆ ಹೋದ ಚಿತ್ರ ಆಯಾ ಫೋನಿನಲ್ಲೇ ಉಳಿಯುತ್ತದೆ. ಹೊಸದಾಗಿ ಕಳಿಸಿದವರಿಗೂ ಹಳೆಯದೇ ಬರುತ್ತಿತ್ತು, ಎಲ್ಲೋ ಅದರ ನಕಲು ಕೂತುಬಿಟ್ಟಿತ್ತು. ಕೊನೆಗೆ ಲೇಖನದ ವಿಳಾಸವನ್ನೇ ಬದಲಿಸಿ, ಅಜ್ಜ ಕ್ಷೇಮವಾಗಿದ್ದಾರೆ, ತಪ್ಪು ನಮ್ಮದು ಅಂತ ಮೇಲೆ ಬರೆದು ಹಾಕಿದೆವು. ಆ ತಿದ್ದುಪಡಿಯನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಅಷ್ಟರಲ್ಲಿ ಯಾರೋ ನಮ್ಮ ತಾಣದ ಹೆಸರು ಕತ್ತರಿಸಿ, ಚಿತ್ರದ ಬುಡದಲ್ಲಿ ಉರಿಯುವ ದೀಪವೊಂದನ್ನು ಸೇರಿಸಿ ಹಂಚಿದ್ದರು. ದೀಪ ಬಹಳ ಅಚ್ಚುಕಟ್ಟಾಗಿ ಕೂತಿತ್ತು.

ಮರುದಿನ ಅಜ್ಜ ಬಸ್ಸು ಹಿಡಿದು ಬಾಗಲವಾಡಕ್ಕೆ ಹೋದರು ಅಂತ ತಿಳಿದು ಉಸಿರು ಬಿಟ್ಟೆವು. ಸಂಪಾದಕರು ನನ್ನನ್ನು ಸಮಾಧಾನ ಮಾಡಿದರು. "ಸುಳ್ಳು ಸಾವಿನ ಸುದ್ದಿ ಹುಟ್ಟಿದ್ರ ಆಯುಷ್ಯ ಹೆಚ್ಚಾಗ್ತದ ಅಂತಾರವಾ. ಮುದುಕ ನೂರು ವರ್ಷ ಬಾಳ್ತಾನ, ಬಿಡು." ಆದರೆ ವಾರ ಕಳೆಯುವುದರೊಳಗೆ ಮಗಳು ಮತ್ತೆ ಫೋನ್ ಮಾಡಿದಳು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಅವ್ವ ಬಳೆ ತೊಡುತ್ತಿಲ್ಲ, ಗೂಗಲ್‌ಗೆ ಹೋಗುವುದಿಲ್ಲ ಅನ್ನುತ್ತಾಳೆ, ಅಪ್ಪ ಎರಡು ದಿನ ಕೂತು ಒಬ್ಬನೇ ತಿರುಗಿ ಹೋದ ಅಂದಳು.

ನಾನು ಬಾಗಲವಾಡಕ್ಕೆ ಹೋದೆ. ಯಾರೂ ಹೋಗು ಅನ್ನಲಿಲ್ಲ, ನನಗೇ ಕೂರಲಾಗಲಿಲ್ಲ. ಮಾನ್ವಿಯಲ್ಲಿ ಬಸ್ಸಿಳಿದು ಟಂಟಂ ಆಟೋ ಹತ್ತುವಾಗ, ಬೈಸಿಕೊಂಡು ಬಂದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ಮಗಳು ಬೈಯಲಿಲ್ಲ. "ಬರ್ರಿ ಒಳಗ" ಅಂದು ನೀರು ಕೊಟ್ಟಳು, ಚಹಾಕ್ಕಿಟ್ಟಳು. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕರಿ ಕನ್ನಡಕ. ಬೋಳು ಮಣಿಕಟ್ಟುಗಳು ಮಡಿಲಲ್ಲಿದ್ದವು, ಒಂದರ ಮೇಲೆ ಗಾಜು ಗೀರಿದ ಗಾಯ ಒಣಗುತ್ತಿತ್ತು.

"ನೀನೇನ ತಂಗಿ, ಆ ಪಟಾ ಮಾಡಿದಾಕಿ?"

"ಹೌದು ಯವ್ವಾ. ತಪ್ಪಾತು."

"ಆಪ್ರೇಷನ್ ಆದ ಕಣ್ಣಿಗಿ ಮೊದಲ ನಿಚ್ಚಳ ಕಂಡದ್ದ ಅದು" ಅಂದಳು. "ಮಗಳ ಮಾರಿ ಸೈತ ಅಷ್ಟು ನಿಚ್ಚಳ ಕಂಡಿದ್ದಿಲ್ಲ. ಮಾರಿ ಅದ, ಕೈ ಇಲ್ಲ. ಕಾಲಿಲ್ಲ. ಎದಿ ಕೆಳಗ ಹೊಗಿ."

"ಆಮ್ಯಾಲ ಅಜ್ಜಾರ ಬಂದ್ರಲ್ಲ ಯವ್ವಾ. ಖರೇನ ಎದುರಿಗಿ ಬಂದು ಕುಂತ್ರಲ್ಲ."

"ಬಂದ. ಉಂಡ. ಮಾತಾಡಿದ. ಆದ್ರ ಅವನ ಮಾರಿ ನೋಡಾಕ ಹೋದ್ರ ನಂಗ ಪಟಾನ ಕಾಣ್ತದ. ಎರಡು ದಿನ ಅವನ ಕಾಲ ನೋಡಿಕೋತ ಕುಂತೆ. ಕಾಲಷ್ಟ ಖರೆ ಅನಿಸ್ತಿದ್ವು."

ಬಳೆಯ ಮಾತೆತ್ತಿದೆ. ಅವಳು ತಲೆ ಆಡಿಸಿದಳು. "ಒಮ್ಮೆ ಅವನ ಹೆಸರಿಲೆ ಒಡದೀನಿ. ಮತ್ತ ತೊಟ್ರ, ಮತ್ತ ಒಡಿಯೂ ದಿನಾನ ನಾನ ಕರದಂಗ ಆಗ್ತದ. ಬ್ಯಾಡ. ನಾ ದೂರ ಇದ್ರ ಅವ ಬದಕಿರ್ತಾನ." ಮಗಳು ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಅದರಲ್ಲಿ ಹಸಿರು ಗಾಜಿನ ಚೂರುಗಳಿದ್ದವು. ತಿಪ್ಪೆಗೆ ಹಾಕಲು ಮನಸ್ಸು ಬಂದಿರಲಿಲ್ಲವಂತೆ. ನನಗೆ ಅಳು ಬಂತು, ಅತ್ತೆ. ಅಜ್ಜಿಯೇ ನನ್ನ ಬೆನ್ನು ಸವರಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಲಿನ ಮಾತು ತಲೆಯಿಂದ ಹೋಗಲಿಲ್ಲ. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತವೆ, ನೆರಳು ಬೀಳುವುದಿಲ್ಲ ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಕತ್ತಲಲ್ಲಿ ಯಾರಾದರೂ ಎದುರಾದರೆ ಮೊದಲು ಕಾಲು ನೋಡು ಅಂತ ನನ್ನ ಅಮ್ಮನೂ ಹೇಳಿದ್ದಳು. ಇಷ್ಟು ವರ್ಷ ನಾನು ಮನುಷ್ಯರನ್ನು ಬಿಡಿಸುವಾಗ ಮೊದಲು ಕತ್ತರಿಸುತ್ತಿದ್ದದ್ದು ಅವೆರಡನ್ನೇ, ಕಾಲು ಮತ್ತು ನೆರಳು. ಮನೆಗೆ ಹೋಗಿ ಅಮ್ಮನ ಪಟದ ಮುಂದೆ ನಿಂತೆ. ಎದೆಯ ಕೆಳಗೆ ಹೊಗೆ. ಹೆಗಲ ಮೇಲೆ, ನನಗೆ ಮಾತ್ರ ಗೊತ್ತಾಗುವ ಹಾಗೆ, ಒಂದು ಅಂಗೈಯಗಲ ಸೀರೆಯ ಬಣ್ಣ ಬೇರೆಯಾಗಿತ್ತು. ಆ ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ಮರುದಿನ ಸಂಪಾದಕರಿಗೆ ಹೇಳಿದೆ, ಅಜ್ಜನದು ಇನ್ನೊಂದು ತಲೆಚಿತ್ರ ಮಾಡುತ್ತೇನೆ, ಇಡೀ ಮನುಷ್ಯ ಇರಬೇಕು, ಕಾಲು ನೆಲದ ಮೇಲಿರಬೇಕು, ನೆರಳು ಬಿದ್ದಿರಬೇಕು. ಅವರು ಕನ್ನಡಕ ತೆಗೆದು ಒರೆಸಿದರು.

"ಅಡ್ಡ ಚಿತ್ರದಾಗ ನಿಂತ ಮನುಷ್ಯ ಇರುವಿಯಷ್ಟ ಆಗ್ತಾನ ತಂಗಿ. ಫೋನಿನಾಗ ಯಾರಿಗಿ ಕಾಣಬೇಕು? ಬೆರಳು ನಿಂದ್ರಂಗಿಲ್ಲ."

"ಇದು ಒಬ್ಬಾಕಿ ಸಲುವಾಗಿ ಮಾಡೂದು ಸರ್."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ಮುಂಜಾನಿ ಜಲ್ದಿ ಹೋಗು. ಬಿಸಿಲು ನೆತ್ತಿಗಿ ಬಂದ್ರ ನೆಳ್ಳು ಕಾಲಾಗ ಮುದುಡ್ತದ" ಅಂದರು.

ದೇವದುರ್ಗದ ಮೊದಲ ಬಸ್ಸು ಹಿಡಿದು ಗೂಗಲ್ ಮುಟ್ಟಿದಾಗ ಬಿಸಿಲು ಇನ್ನೂ ಓರೆಯಾಗಿತ್ತು. ಅಜ್ಜ ಸ್ನಾನ ಮಾಡಿ, ಬಿಳಿ ಅಂಗಿಯ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು ಕಾಯುತ್ತಿದ್ದರು. ಅಲ್ಲಮಪ್ರಭುವಿನ ಗುಡಿಯ ಮೆಟ್ಟಿಲ ಮೇಲೆ ಕೈ ಇಳಿಬಿಟ್ಟು, ಉಸಿರು ಹಿಡಿದು ನಿಂತರು. "ಪಟಾ ಅಂದ್ರ ಹೀಂಗ ನಿಂದ್ರಬೇಕಲ್ಲ" ಅಂದರು. ಕ್ಯಾಮೆರಾದಲ್ಲಿ ನೋಡಿದರೆ ಕಾಲೂ ಇತ್ತು, ನೆರಳೂ ಇತ್ತು, ಮನುಷ್ಯ ಮಾತ್ರ ಇರಲಿಲ್ಲ. ಹೊಳೆಯ ಅಂಚಿನಲ್ಲಿ ನಿಲ್ಲಿಸಿದೆ, ನೆರಳು ನೀರಿಗೆ ಬಿದ್ದು ಕಳೆದುಹೋಯಿತು. ಹರಿಗೋಲಿನಲ್ಲಿ ಕೂರಿಸಿದೆ, ಅದರ ಅಂಚು ಕಾಲನ್ನು ಮುಚ್ಚಿತು. ಜೀವಮಾನವೆಲ್ಲ ಕಾಲು ಕಾಣದ ಕಡೆ ಕೂತು ದುಡಿದ ಮನುಷ್ಯ ಅಂತ ಆಗ ಹೊಳೆಯಿತು. ಬಿಸಿಲು ಏರುತ್ತಿತ್ತು. ನಾನು ಇನ್ನೊಂದು ಸಲ, ಇನ್ನೊಂದು ಸಲ ಅನ್ನುತ್ತಲೇ ಇದ್ದೆ.

"ಎಷ್ಟು ಸಲ ಸಾಯಿಸ್ತಿ ನನ್ನ?" ಅಂದರು ಅಜ್ಜ. ನಗುತ್ತ ಅಂದದ್ದಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಮರಳ ಮೇಲೆ ಕೂತರು. "ಆಕಿ ನನ್ನ ಮಾರಿ ನೋಡವಲ್ಲಳು. ಊರ ಮಂದಿಗೆಲ್ಲ ಬದಕೀನಿ ಅಂತ ಹೇಳೀನಿ, ನಂಬ್ಯಾರ. ಆಕಿ ಒಬ್ಬಾಕಿ ನಂಬವಲ್ಲಳು. ಇನ್ನ ಯಾರಿಗಿ ಹೇಳ್ಲಿ?" ನಾನು ಕ್ಯಾಮೆರಾ ಕೆಳಗಿಟ್ಟೆ. ಕೆಲಸ ಕೆಟ್ಟಿತು, ತಿರುಗಿ ಹೋಗುವುದೇ ಸರಿ ಅನ್ನಿಸಿತು.

ಅಜ್ಜ ನನ್ನನ್ನು ಅಲ್ಲೇ ಬಿಟ್ಟು ತಮ್ಮ ಕೆಲಸಕ್ಕೆ ಎದ್ದರು. ಹರಿಗೋಲನ್ನು ಮರಳಿನ ಮೇಲೆ ಬೋರಲು ಹಾಕಿ, ತಳ ಎಲ್ಲಿ ಹರಿದಿದೆ ಅಂತ ಅಂಗೈಯಿಂದ ಸವರುತ್ತ ಸುತ್ತ ನಡೆದರು. ನಾನು ಚೀಲ ತೆಗೆದುಕೊಳ್ಳಲು ಹಿಂದೆ ಸರಿದೆ. ಕಾಲ ಕೆಳಗೆ ಏನೋ ಕಟ್ಟಿಗೆ ಸಿಕ್ಕಿತು.

"ಲೇ ತಂಗಿ! ಹುಟ್ಟಿನ ಮ್ಯಾಲ ಕಾಲಿಡ್ತಾರೇನ? ಕಣ್ಣು ಎಲ್ಲಿಟ್ಟೀ? ಅನ್ನ ಕೊಟ್ಟದ್ದದು!"

ಹರಿಗೋಲು ನಡೆಸುವ ಹುಟ್ಟನ್ನು ತುಳಿದಿದ್ದೆ. ಹಾರಿ ಈಚೆ ಬಂದು, ಬೈಗುಳ ಮುಗಿಯುವ ಮೊದಲೇ ಕ್ಯಾಮೆರಾ ಎತ್ತಿದೆ. ಒಂದೇ ಒಂದು ಫೋಟೋ ಸಿಕ್ಕಿತು. ಬಾಯಿ ತೆರೆದಿತ್ತು, ಒಂದು ಕೈ ಮೇಲೆದ್ದಿತ್ತು, ಇನ್ನೊಂದು ಹರಿಗೋಲಿನ ಬೆನ್ನ ಮೇಲಿತ್ತು. ಬರಿಗಾಲು ಮರಳಿನಲ್ಲಿ ಹೂತು ನಿಂತಿದ್ದವು. ನೆರಳು ಉದ್ದಕ್ಕೆ ಚಾಚಿ ನನ್ನ ಚಪ್ಪಲಿಯ ತನಕ ಬಂದಿತ್ತು.

ಕಚೇರಿಗೆ ಬಂದು ಆ ಫೋಟೋ ತೆರೆದು ಕೂತಾಗ ನನ್ನ ಕೈಯೇ ನನಗೆ ಶತ್ರುವಾಯಿತು. ಮರಳಿನ ಮೇಲೊಂದು ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ಅಳಿಸಲು ಬೆರಳು ತಾನಾಗಿ ಹೋಯಿತು, ಹಿಂದಕ್ಕೆಳೆದುಕೊಂಡೆ. ಚಪ್ಪಲಿ ಕಾಣುತ್ತಿತ್ತು, ಅದನ್ನೂ ಬಿಟ್ಟೆ. ಅಕ್ಷರ ಕೂರಿಸಿ ನನ್ನದೇ ಫೋನಿಗೆ ಕಳಿಸಿ ನೋಡಿದೆ. ವಾಟ್ಸ್ಆ್ಯಪ್ ಸಣ್ಣದು ಮಾಡಿ ತೋರಿಸುವಾಗ ಅಡ್ಡ ಚಿತ್ರದ ನಡುವಿನ ಚೌಕವನ್ನಷ್ಟೇ ಉಳಿಸಿಕೊಂಡಿತ್ತು. ಬಲಕ್ಕೆ ನಿಂತ ಅಜ್ಜನ ಅರ್ಧ ಮೈ ಹೋಗಿತ್ತು, ನೆರಳು ಪೂರ್ತಿ ಹೋಗಿತ್ತು. ಮೂರು ಸಲ ಮಾಡಿದೆ. ಅಜ್ಜನನ್ನು ನಡುವಿಗೆ ತಂದೆ, ಪಾದದ ಕೆಳಗೆ ಒಂದು ಪಟ್ಟಿ ಮರಳು ಉಳಿಸಿದೆ, ನೆರಳು ಚೌಕದೊಳಗೆ ಮುಗಿಯುವ ಹಾಗೆ ಅಂಚು ಹಿಗ್ಗಿಸಿದೆ. ಅಕ್ಷರವನ್ನು ಆಕಾಶಕ್ಕೆ ಏರಿಸಿದೆ. ವರದಿಗಾರ್ತಿ ಹರಿಗೋಲಿನ ತಳ ತೇಪೆ ಹಾಕುವ ಬಗ್ಗೆ ಒಂದು ಸಣ್ಣ ಬರಹ ಬರೆದುಕೊಟ್ಟಳು. ಶೀರ್ಷಿಕೆ ನಾನು ಹೇಳಿದ್ದು, "ಅಂಬಿಗಜ್ಜ ಬೈದರು". ಸಂಪಾದಕರು ನಕ್ಕು ಒಪ್ಪಿದರು.

ಅದು ಓಡಲಿಲ್ಲ. ಸತ್ತ ಅಜ್ಜನ ಮುಂದೆ ಬದುಕಿದ ಅಜ್ಜ ಏನೇನೂ ಅಲ್ಲ. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಮಾಡಿದ ತಲೆಚಿತ್ರಗಳಲ್ಲಿ ಅತಿ ಹೆಚ್ಚು ಬೆರಳುಗಳನ್ನು ನಿಲ್ಲಿಸಿದ್ದು ಆ ಮೊದಲಿನದೇ.

ಎರಡನೆಯದನ್ನು ಕಳಿಸದೆ ನಾನೇ ಬಾಗಲವಾಡಕ್ಕೆ ಒಯ್ದೆ. ಅಜ್ಜಿ ಬೇಡ ಬೇಡ ಅಂದಳು. ಮಗಳು ಪಕ್ಕದಲ್ಲಿ ಕೂತು ಅವಳ ತೋಳು ಹಿಡಿದುಕೊಂಡಳು. ನಾನು ಅಂದೆ, "ಮಾರಿ ನೋಡಬ್ಯಾಡ ಯವ್ವಾ. ಕಾಲಷ್ಟ ನೋಡು."

ಅಜ್ಜಿ ಕರಿ ಕನ್ನಡಕ ತೆಗೆದಳು. ನಾನು ಚಿತ್ರದ ಬುಡವನ್ನು ದೊಡ್ಡದು ಮಾಡಿ ಹಿಡಿದೆ. ಅವಳು ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಹೆಬ್ಬೆರಳು ಸೊಟ್ಟ ಅದ" ಅಂದಳು. "ಲಗ್ನದಾಗ ತಲಿ ತಗ್ಗಿಸಿ ಕುಂತಾಗ ನಾ ಅವಂದು ಮೊದಲ ನೋಡಿದ್ದ ಇದು. ಮಾರಿ ನೋಡಿದ್ದು ಆಮ್ಯಾಲ." ಆಮೇಲೆ ಅವಳ ಬೆರಳು ನೆರಳಿನ ಮೇಲೆ ಹೋಯಿತು, ಅದರ ತುದಿಯ ತನಕ. "ನೆಳ್ಳು ಬಿದ್ದದ. ಈ ಚಪ್ಪಲಿ ಯಾರವು?"

"ನನ್ನವ ಯವ್ವಾ."

ಅವಳೇ ಚಿತ್ರವನ್ನು ಮೇಲಕ್ಕೆ ಸರಿಸಿದಳು. ಹೇಗೆ ಸರಿಸುವುದು ಅಂತ ಯಾರೂ ಹೇಳಿಕೊಡಲಿಲ್ಲ. ಮೊಣಕಾಲು, ಧೋತರ, ಹರಿಗೋಲಿನ ಮೇಲಿನ ಕೈ. ಮುಖ ಬಂದಾಗ ಅವಳ ಬೆರಳು ನಿಂತಿತು.

"ಯಾರಿಗಿ ಬೈಯಾಕತ್ತಾನ?"

"ನನಗ. ಹುಟ್ಟು ತುಳದಿದ್ದೆ."

ಅಜ್ಜಿಯ ಬಾಯಿ ಓರೆಯಾಯಿತು. ಅಳುತ್ತಾಳೆ ಅಂದುಕೊಂಡೆ, ನಕ್ಕಳು. "ನಂಗೂ ಹಿಂಗ ಬೈತಿದ್ದ. ಬಂದ ಹೊಸದಾಗಿ ನಾನೂ ತುಳದಿದ್ದೆ." ಫೋನನ್ನು ಮಡಿಲಲ್ಲಿಟ್ಟುಕೊಂಡು ತನ್ನ ಬೋಳು ಕೈಗಳನ್ನು ನೋಡಿದಳು. "ಒಡಿಯೂ ದಿನ ಬಂದ್ರ ಬರಲಿ ಬಿಡು. ಅದು ಹೆಂಗೂ ಬರೂದ. ಅಲ್ಲಿ ತನಕ ಬೈಸ್ಕೊಳ್ಳಾಕ ಒಬ್ಬಾಕಿ ಬೇಕಲ್ಲ ಅವನಿಗಿ." ಮಗಳ ಕಡೆ ತಿರುಗಿ ಬಳೆಗಾರ್ತಿಯನ್ನು ಕರೆ ಅಂದಳು.

ಅದಾದ ಮೇಲೆ ನಾನು ಯಾರನ್ನೂ ಹಿನ್ನೆಲೆಯಿಂದ ಬಿಡಿಸಿಲ್ಲ. ಅಮ್ಮನ ಪಟ ಮಾಡಿದ ಮೂಲ ಫೋಟೋ ಹುಡುಕಿದೆ. ಸ್ಟುಡಿಯೋ ಮುಚ್ಚಿದಾಗ ಅಪ್ಪ ಎಲ್ಲವನ್ನೂ ಚೀಲಕ್ಕೆ ತುಂಬಿ ಎಸೆದುಬಿಟ್ಟಿದ್ದರಂತೆ. ಆ ಕೈಯನ್ನು ಇನ್ನು ತಿರುಗಿ ಇಡಲಾಗುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ದೀಪ ಸೇರಿಸಿದ ಆ ಹಳೆಯ ಚಿತ್ರ ಮತ್ತೆ ಎಲ್ಲಿಂದಲೋ ಎದ್ದು ಬಂತು. ನಮ್ಮ ಓಣಿಯ ಗುಂಪಿನಲ್ಲೇ ಯಾರೋ ಹಾಕಿದ್ದರು, ಕೆಳಗೆ ಕೈ ಮುಗಿದ ಗುರುತುಗಳು. ಈ ಸಲ ಖರೆಯೇ ಇರಬಹುದಲ್ಲ ಅನ್ನಿಸಿತು. ಗೂಗಲ್‌ಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಫೋನ್ ಹಿಡಿದು ಹಾಗೇ ಕೂತಿದ್ದೆ, ಅದೇ ರಿಂಗಾಯಿತು. ಅಜ್ಜಿಯ ನಂಬರು.

"ತಂಗೀ, ಪಟಾ ಮತ್ತ ಬಂದದಂತ. ನೀ ಅಂಜಿರ್ತಿ ಅಂತ ಮಾಡೀನಿ. ಅವ ಇಲ್ಲೇ ಅದಾನ, ರೊಟ್ಟಿ ಉಣ್ಣಾಕತ್ತಾನ."

ಆ ಕಡೆ ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು, ಬಡಿದಷ್ಟು ಸಲವೂ ಬಳೆಗಳ ಸದ್ದಾಗುತ್ತಿತ್ತು. ಹಿಂದಿನಿಂದ ಅಜ್ಜನ ದನಿ ಕೇಳಿತು, ಫೋನ್ ಇಡು, ರೊಟ್ಟಿ ಸೀದು ಹೋಗ್ತದ ಅಂತ ಬೈಯುತ್ತಿದ್ದರು.